ಅಂಗಾಲಿನ ಕಮಾನು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ – ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನನ್ನ ಸೇವಾವಧಿ ಕಳೆಯಿತು. ಅಂದಿನ ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಬರಿಗಾಲಿನವರು. ಮಳೆಗಾಲದಲ್ಲಿ ಗದ್ದೆಯ ಬದು ತುಳಿದು ಬಂದವರ ಹೆಜ್ಜೆಗಳು ಶಾಲೆಯ ಜಗುಲಿಯ ಮೇಲೆ ಅಚ್ಚೊತ್ತಿದಂತೆ ಮೂಡುತ್ತಿದ್ದವು: ಹಿಮ್ಮಡಿ, ಹೊರ ಅಂಚಿನ ಒಂದು ಪಟ್ಟಿ, ಮುಂಗಾಲು, ಐದು ಬೆರಳು, ಒಳಬದಿಯಲ್ಲಿ ಖಾಲಿ ಜಾಗ. ನನ್ನ ಹೆಜ್ಜೆ ಮಾತ್ರ ಇಡಿಯಾಗಿ ಮೂಡುತ್ತಿತ್ತು. ನನ್ನದು ಚಪ್ಪಟೆ ಪಾದ.

ಈಚೆಗೆ ಹಳೆಯ ಶಿಷ್ಯನೊಬ್ಬ ಫೋನು ಮಾಡಿ, "ಸಾರ್, ಮಗಳಿಗೆ ಐದು ವರ್ಷ. ಪಾದ ಚಪ್ಪಟೆ ಅಂತಾರೆ. ದುಬಾರಿ ಸೋಲ್ ಹಾಕಿಸ್ಬೇಕಂತೆ, ಸಾಲ ಮಾಡ್ಲಾ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೀನಖಂಡದ ಆಳದಿಂದ ಹೊರಡುವ ಒಂದು ಸ್ನಾಯು, ಬಾವಿಯ ಹಗ್ಗ ರಾಟೆಯನ್ನು ಬಳಸಿ ಇಳಿಯುವಂತೆ, ಒಳಹರಡಿನ ಹಿಂದಿನಿಂದ ಬಂದು ಅಂಗಾಲಿಗೆ ಅಂಟಿಕೊಳ್ಳುತ್ತದೆ. ಅದರ ಹೆಸರು ಟಿಬಿಯಾಲಿಸ್ ಪೋಸ್ಟೀರಿಯರ್. ಕಮಾನನ್ನು ಎತ್ತಿ ಹಿಡಿಯುವುದು ಅದರ ಕೆಲಸ. ಚಪ್ಪಟೆ ಪಾದದವರಲ್ಲಿ ಅದು ಹೆಚ್ಚು ದುಡಿಯುತ್ತದೆ. ಕಾಲಿನ ಹೊರಬದಿಯ ಪೆರೋನಿಯಸ್ ಲಾಂಗಸ್ ಕಡಿಮೆ ದುಡಿಯುತ್ತದೆ. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದ ಮರ್ಲಿ ಮತ್ತು ಸಂಗಡಿಗರು ಕೂದಲೆಳೆಯಂಥ ತಂತಿಯನ್ನು ಸ್ನಾಯುವಿನೊಳಗೆ ಇಳಿಸಿ, ನಡಿಗೆಯಲ್ಲಿ ಅದರ ವಿದ್ಯುತ್ ಚಟುವಟಿಕೆಯನ್ನು ಅಳೆದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಪಾದರಕ್ಷೆಯೊಳಗೆ ಕಮಾನಿಗೆ ಆಸರೆಯಾಗುವ ಸೋಲ್ ಇಟ್ಟಾಗ ಮೊದಲನೆಯ ಸ್ನಾಯುವಿನ ದುಡಿಮೆ ಇಳಿಯಿತು, ಎರಡನೆಯದರದು ಏರಿತು. ಅವರು ಅಳೆದದ್ದು ದುಡಿಮೆಯನ್ನು, ನೋವನ್ನಲ್ಲ. ಸೋಲ್ ಹೊರೆಯನ್ನು ಹಂಚುತ್ತದೆಯೇ ಹೊರತು ಹೊಸ ಕಮಾನನ್ನು ಕಟ್ಟುವುದಿಲ್ಲ.

ಕೋಟೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯುವ ದಿನಗಳಲ್ಲಿ ಸಂಜೆಯ ವೇಳೆಗೆ ನನ್ನ ಒಳಹರಡಿನ ಹಿಂದೆ ಸೆಳೆತ ಕಾಣಿಸಿಕೊಳ್ಳುತ್ತಿತ್ತು. ನಿವೃತ್ತಿಯ ನಂತರ ವೈದ್ಯರು ಕೊಟ್ಟ ಸೋಲ್‌ನಿಂದ ನನಗೆ ನೆಮ್ಮದಿಯಾಗಿದೆ. ಈಗ ಸಂತೆಗೆ ನಡೆದೇ ಹೋಗುತ್ತೇನೆ.

ಆದರೆ ನೋವಿಲ್ಲದ ಮಗುವಿನ ಮಾತು ಬೇರೆ. ಎಳೆಯ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ಬೆಳೆದಂತೆ ಸಾಮಾನ್ಯವಾಗಿ ಕಮಾನು ಮೂಡುತ್ತದೆ. ನಮ್ಮ ಮಣಿಪಾಲದ ವೈದ್ಯರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಮಾಡಿದರು: ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ. 8.6, ಬರಿಗಾಲಿನವರಲ್ಲಿ ಶೇ. 2.8 ಮಂದಿಗೆ ಚಪ್ಪಟೆ ಪಾದ.

ಆದ್ದರಿಂದ ಶಿಷ್ಯನಿಗೆ ಹೇಳಿದೆ: "ಮಗಳನ್ನು ತುದಿಗಾಲಲ್ಲಿ ನಿಲ್ಲಿಸಿ ನೋಡಪ್ಪ. ಕಮಾನು ಮೂಡಿ, ನೋವೂ ಇಲ್ಲದಿದ್ದರೆ ಸಾಲ ಮಾಡಬೇಡ. ಅಂಗಳದ ಮಣ್ಣಿನಲ್ಲಿ ಆಡಲು ಬಿಡು. ಪಾದ ಬಿಗಿಯಾಗಿದ್ದರೆ, ನೋಯುತ್ತಿದ್ದರೆ, ಅಥವಾ ಒಂದೇ ಕಾಲು ಹಾಗಿದ್ದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸು."