ಕಪ್ಪು ವೈರ್, ಬಿಳಿ ವೈರ್

ಶಾರ್ಜಾ ಬಿಟ್ಟು ಮಿಸ್ಸಿಸಾಗಾಕ್ಕೆ ಬರುವಾಗ ಅಕ್ವೇರಿಯಂನ ಹೀಟರನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. 200 ವಾಟಿನದು. ಅಡಾಪ್ಟರ್ ಹಾಕಿ ಚುಚ್ಚಿದರೆ ದೀಪವೇನೋ ಮಿಣುಕಿತು, ನೀರು ಬೆಚ್ಚಗಾಗಲಿಲ್ಲ. ಅಲ್ಲಿ 230 ವೋಲ್ಟ್, ಇಲ್ಲಿ 120. ವೋಲ್ಟೇಜ್ ಅರ್ಧಕ್ಕಿಳಿದರೆ ಶಾಖ ಕಾಲು ಭಾಗಕ್ಕಿಳಿಯುತ್ತದೆ. ಸುಮಾರು 55 ವಾಟ್ ಅಷ್ಟೇ. ನಿಮ್ಮಲ್ಲಿ ಕೆನಡಾಕ್ಕೆ ಹೊರಟವರಿದ್ದರೆ ಹೀಟರನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.

ಹೊಸ ಹೀಟರ್, ಫಿಲ್ಟರ್, ಏರ್ ಪಂಪ್, ಲೈಟ್ ಕೊಂಡದ್ದಾಯಿತು. ಪ್ಲಗ್ ನಾಲ್ಕು, ಗೋಡೆಯಲ್ಲಿ ಜಾಗ ಎರಡಕ್ಕೆ. ಬೋರ್ಡನ್ನು ನಾನೇ ಮಾಡಲು ಕೂತೆ. ಗೋಡೆಯೊಳಗಿನ ವೈರಿಂಗ್ ಮುಟ್ಟಲಿಲ್ಲ, ಒಂಟಾರಿಯೊದಲ್ಲಿ ಅದಕ್ಕೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಗೆ ತಿಳಿಸಬೇಕು. ನನ್ನದು ಪ್ಲಗ್ ಚುಚ್ಚುವ ಡಬ್ಬಿ. ಊರಿನ ಪಂಪ್‌ಸೆಟ್ಟಿನ ಬೋರ್ಡನ್ನು ಅಪ್ಪನ ಜೊತೆ ಎಷ್ಟು ಸಲ ಬಿಚ್ಚಿಲ್ಲ!

ಆ ಅನುಭವವೇ ಕೈಕೊಟ್ಟಿತು. ಊರಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಗೊತ್ತಿಲ್ಲದ್ದೇನಲ್ಲ, ಓದಿದ್ದೆ. ಆದರೆ ಡ್ಯೂಟಿ ಮುಗಿಸಿ ಬಂದ ರಾತ್ರಿ ಹತ್ತು ಗಂಟೆಗೆ ಸ್ಕ್ರೂಡ್ರೈವರ್ ಹಿಡಿದ ಕೈ ಊರಿನ ಪಾಠವನ್ನೇ ಒಪ್ಪಿಸಿತು. ಬಿಳಿಯನ್ನು ಸ್ವಿಚ್ಚಿಗೆ ಕೊಟ್ಟೆ, ಕಪ್ಪನ್ನು ನ್ಯೂಟ್ರಲ್ಲಿಗೆ. ಎಲ್ಲವೂ ಸರಿಯಾಗಿ ನಡೆಯಿತು! ಫಿಲ್ಟರ್ ತಿರುಗಿತು, ಗುಳ್ಳೆ ಬಂತು. ಈ ತಪ್ಪಿನ ಕೆಟ್ಟತನವೇ ಅದು.

ಆಸ್ಪತ್ರೆಯಲ್ಲಿ ಅಪಾಯದ ಔಷಧಿಗಳನ್ನು ಒಬ್ಬರು ತಯಾರಿಸಿದರೆ ಇನ್ನೊಬ್ಬರು ನೋಡಿಯೇ ಕಳಿಸುವುದು. ಆ ರೂಢಿಯಿಂದಲೇ, ಕುವೈತಿನಲ್ಲಿ ವರ್ಷಗಟ್ಟಲೆ ವೈರಿಂಗ್ ಮಾಡಿದ್ದ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರನ್ನು ಕರೆದೆ. ಮೂರು ದೀಪದ ಪುಟ್ಟ ಟೆಸ್ಟರ್ ಚುಚ್ಚಿ ನೋಡಿದರು.

"ಉಲ್ಟಾ ಆಗೇದ ನೋಡ್ರಿ. ನೀವು ಸ್ವಿಚ್ ಆಫ್ ಮಾಡಿದ್ರೂ ಹೀಟರ್‌ನಾಗ ಕರೆಂಟ್ ಇದ್ದೇ ಇರ್ತದ."

ಹೀಟರಿನ ಗಾಜು ಒಡೆದಿದ್ದರೆ? ಅದೇ ನೀರಿಗೆ ಮಗ ದಿನವೂ ಕೈ ಹಾಕುತ್ತಿದ್ದ.

ಎಲ್ಲ ಬಿಚ್ಚಿ, ಅವರ ಎದುರೇ ಮತ್ತೆ ಕಟ್ಟಿದೆ. ಈ ಸಲ ಜಿಎಫ್‌ಸಿಐ ಸಾಕೆಟ್ ಎರಡು. ಊರಿನ ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಇದು ಸುಮಾರು 5ರ ಸೋರಿಕೆಗೇ ಕರೆಂಟ್ ಕಡಿಯುತ್ತದೆ. ಎರಡೇಕೆಂದರೆ, ಹೀಟರಿನ ತಪ್ಪಿಗೆ ನಡುರಾತ್ರಿ ಏರ್ ಪಂಪೂ ನಿಂತರೆ ಬೆಳಗ್ಗೆ ಮೀನುಗಳೆಲ್ಲ ಮೇಲೆ ತೇಲುತ್ತಿರಬಹುದು. ಹೀಟರ್, ಲೈಟ್ ಒಂದಕ್ಕೆ. ಫಿಲ್ಟರ್, ಪಂಪ್ ಇನ್ನೊಂದಕ್ಕೆ. ಬೋರ್ಡು ತೊಟ್ಟಿಯ ಕೆಳಗಲ್ಲ, ಪಕ್ಕದ ಗೋಡೆಯ ಮೇಲೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುತ್ತದೆ. ಹರಿದು ಬಂದ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ.

ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತುವುದು ಈಗ ಮಗನ ಕೆಲಸ. ನೀರು ಬದಲಿಸುವ ದಿನ ಹೀಟರಿನ ಪ್ಲಗ್ಗನ್ನೂ ಅವನೇ ಕೀಳುತ್ತಾನೆ. ಕಿತ್ತದ್ದನ್ನು ನನಗೆ ಎತ್ತಿ ತೋರಿಸಿದ ಮೇಲೆಯೇ ತೋಳು ಮಡಿಸುತ್ತಾನೆ.