ಕಲ್ಲಿನ ಮೇಲಿನ ಮಾತು

ಮೊಮ್ಮಗಳು ಹಾಕಿದ ಹಾಡು ಮೊದಲಿಗೆ ನನಗೆ ಬರಿಯ ಗದ್ದಲವೆನಿಸಿತು. ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ಎಂಬ ಪೋಸ್ಟ್-ಪಂಕ್ ತಂಡದ್ದಂತೆ. 2022ರ 'ಸ್ಕಿಂಟಿ ಫಿಯಾ' ಆಲ್ಬಮ್ಮಿನ ಮೊದಲನೆಯದು. ಒಂದೇ ಐರಿಷ್ ನುಡಿಯನ್ನು ಭಜನೆಯಂತೆ ಮತ್ತೆ ಮತ್ತೆ ಹೇಳುತ್ತಿದ್ದರು.

"ಏನಮ್ಮಾ ಅದರ ಅರ್ಥ?" ಎಂದೆ.

"'ನಮ್ಮ ಎದೆಗಳಲ್ಲಿ ಎಂದೆಂದಿಗೂ' ಅಂತ, ತಾತ."

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನೆಲೆಸಿದ್ದ ಐರಿಷ್ ತಾಯಿಯೊಬ್ಬಳ ಗೋರಿಕಲ್ಲಿನ ಮೇಲೆ ಮನೆಯವರು ಇಷ್ಟನ್ನೇ ಬರೆಸಬಯಸಿದ್ದರು. ಇಂಗ್ಲಿಷ್ ಅನುವಾದವಿಲ್ಲದೆ ಕೂಡದೆಂದು 2020ರಲ್ಲಿ ಚರ್ಚಿನ ನ್ಯಾಯಾಲಯ ತೀರ್ಪಿತ್ತಿತು; ನೋಡಿದವರು ರಾಜಕೀಯ ಘೋಷಣೆಯೆಂದುಕೊಂಡಾರಂತೆ! 2021ರಲ್ಲಿ ಮೇಲ್ಮನವಿ ಗೆದ್ದಿತು. ಆಲ್ಬಮ್ಮೋ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೇರಿತು. ಕೊಂಡವರಿಗೆಲ್ಲ ಐರಿಷ್ ಬರುತ್ತಿತ್ತೇ?

ಅರ್ಥ ಕೇಳಿದವನು ನಾನೂ ಅಲ್ಲವೇ ಎಂದು ತುಸು ನಾಚಿಕೆಯಾಯಿತು.

"ಇನ್ನೊಮ್ಮೆ ಹಾಕು ಮಗು" ಎಂದೆ.