ಯಾರ ಪೈಕಿ?

ವಾಚನಾಲಯದ ಕಂಪ್ಯೂಟರಿಗೆ ಹೊಸ ಆಫೀಸ್ ಹಾಕಿಸಿದ್ದು ನಮ್ಮ ಕಾರ್ಯದರ್ಶಿಗಳ ಹಟ. ಹಾಕಿಸಿದ ಮೇಲೆ ಪುಸ್ತಕಗಳ ಲೆಕ್ಕವಿದ್ದ ಹಳೆಯ ಆಕ್ಸೆಸ್ ಫೈಲನ್ನು ತೆರೆದರೆ, ನೆತ್ತಿಯ ಮೇಲೊಂದು ಹಳದಿ ಪಟ್ಟಿ: ಸೆಕ್ಯುರಿಟಿ ವಾರ್ನಿಂಗ್! ಹೆಸರುಗಳೆಲ್ಲ ಕಾಣುತ್ತಿದ್ದವು. ಗುಂಡಿಗಳು ಮಾತ್ರ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ಆ ಫೈಲನ್ನು ಕಟ್ಟಿದವರು ನಮ್ಮೂರಿನ ಗಣಿತದ ಮೇಷ್ಟ್ರು. ಆಕ್ಸೆಸ್ 2000ರ ಕಾಲ. ಶಾಲೆ ಬಿಟ್ಟ ಮೇಲೆ ಬಂದು ಕೂತು, ಧೂಳು ಕೊಡವಿ ಕೊಡವಿ ಒಂದೊಂದೇ ಪುಸ್ತಕದ ಹೆಸರನ್ನು ನುಡಿ ಅಕ್ಷರಗಳಲ್ಲಿ ತುಂಬುತ್ತಿದ್ದರು. ‘ಬಾಕಿ ಪುಸ್ತಕ’ ಎಂಬ ಗುಂಡಿ ಒತ್ತಿದರೆ, ಒಯ್ದು ಕೊಡದವರ ಪಟ್ಟಿ ತಾನಾಗಿ ಬರುವಂತೆ ಸಣ್ಣದೊಂದು ಪ್ರೋಗ್ರಾಂ ಬರೆದಿಟ್ಟಿದ್ದರು. ಮೇಷ್ಟ್ರು ಈಗಿಲ್ಲ. ಹುಡುಗರ ಮೇಲೂ ದನಿಯೆತ್ತದ ಮನುಷ್ಯ ಬರೆದದ್ದನ್ನು ಅಪಾಯಕಾರಿ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಯಂತ್ರದ ಅನುಮಾನಕ್ಕೂ ಕಾರಣವಿದೆಯೆನ್ನಿ. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ಸು ವರ್ಡ್ ಫೈಲಿನ ಮ್ಯಾಕ್ರೋದಲ್ಲಿ ಅಡಗಿ, ಇಮೇಲ್ ಹತ್ತಿ ದೇಶದೇಶ ಸುತ್ತಿತು. ಫೈಲಿನೊಳಗಿನ ಪ್ರೋಗ್ರಾಂ ಕಳ್ಳನದೂ ಆಗಿರಬಹುದು, ಮೇಷ್ಟ್ರದೂ ಆಗಿರಬಹುದು. ಬರಹ ನೋಡಿ ಗುಣ ಹೇಳುವ ವಿದ್ಯೆ ಯಂತ್ರಕ್ಕಿಲ್ಲ. ಹಾಗಾಗಿ ಎಲ್ಲರನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ.

‘ಎನೇಬಲ್ ಕಂಟೆಂಟ್’ ಒತ್ತಿದರೆ ಸದ್ಯಕ್ಕೆ ಪಾರು. ಫೈಲನ್ನು ಬೇರೆ ಕಡೆ ಇಟ್ಟರೆ ಮತ್ತದೇ ರಗಳೆ. ಬಾಳಿಕೆಯ ಉಪಾಯ ಇರುವುದು 2007ರ ಆವೃತ್ತಿಯಲ್ಲಿ ಬಂದ ಟ್ರಸ್ಟ್ ಸೆಂಟರಿನಲ್ಲಿ. ಈಗಿನ ಆವೃತ್ತಿಗಳಲ್ಲಿ ಫೈಲ್, ಆಪ್ಷನ್ಸ್ ದಾಟಿ ಅಲ್ಲಿಗೆ ಹೋಗಿ, ‘ಟ್ರಸ್ಟೆಡ್ ಲೊಕೇಷನ್ಸ್’ ಪಟ್ಟಿಗೆ ಒಂದು ಫೋಲ್ಡರನ್ನು ಸೇರಿಸಬೇಕು. ನಂಬಿಕೆ ಫೈಲಿನ ಮೇಲಲ್ಲ, ಅದು ವಾಸವಿರುವ ಜಾಗದ ಮೇಲೆ! ನಮ್ಮ ಕಡೆ ಹೊಸಬರು ಬಂದರೆ ಜಗಲಿಯ ಅಜ್ಜ “ಯಾರ ಪೈಕಿ?” ಅನ್ನುತ್ತಾನಲ್ಲ, ಅದೇ ಲೆಕ್ಕ. ಗೊತ್ತಿದ್ದ ಮನೆಯ ಹೆಸರು ಹೇಳಿದರೆ ಕಾಫಿ ಬರುತ್ತದೆ, ಗುಣಾವಗುಣ ಆಮೇಲೆ. ಅದಕ್ಕೇ ಈ ಮರ್ಯಾದೆಯನ್ನು ಡೌನ್‌ಲೋಡ್ಸ್ ಫೋಲ್ಡರಿಗೆ ಕೊಡಬಾರದು, ದಾರಿಹೋಕರೆಲ್ಲ ನೆಂಟರಾಗಿಬಿಡುತ್ತಾರೆ. ನಾನು ‘ಮೇಷ್ಟ್ರು’ ಅಂತಲೇ ಪುಟ್ಟ ಫೋಲ್ಡರ್ ಮಾಡಿ, ಅದೊಂದೇ ಫೈಲನ್ನು ಅದರಲ್ಲಿಟ್ಟೆ.

ಹಳದಿ ಪಟ್ಟಿ ಮಾಯ. ಪಕ್ಕದಲ್ಲೇ ಕಾರ್ಯದರ್ಶಿಗಳು. ‘ಬಾಕಿ ಪುಸ್ತಕ’ ಒತ್ತಿದೆ. ಪಟ್ಟಿಯ ಮೊದಲ ಹೆಸರೇ ಅವರದು. 2004ರಲ್ಲಿ ಒಯ್ದ ಕಾದಂಬರಿ. ಮೇಷ್ಟ್ರು ಯಾರನ್ನೂ ಬಾಯಿಬಿಟ್ಟು ಕೇಳಿದವರಲ್ಲ, ಬರೆದು ಮಾತ್ರ ಇಟ್ಟಿದ್ದರು.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿದ್ರಾ, ಈ ಫೈಲಿಂದ ಹಾನಿ ಆಗಬಹುದು ಅಂತ ಅದು ಮೊದಲೇ ಹೇಳಿತ್ತು ಕಣ್ರೀ!”